ವಿಶ್ರಾಂತಿಯ ನಾಡಿ

ಕಾಲ್ಬಾಯೊಗ್ ಊರಿನ ಕಾಲೇಜು, ಬೆಳಗಿನ ಏಳೂವರೆ.
ಹೋದ ವರ್ಷದ ಚಂಡಮಾರುತ ಕಿತ್ತುಕೊಂಡು ಹೋದ ತಗಡಿನ ಜಾಗದಲ್ಲಿ
ನೀಲಿ ಟಾರ್ಪಾಲು ಉಸಿರಾಡುತ್ತಿದೆ.
ಕೆಳಗೆ ನಲವತ್ತೊಂದು ಜನ, ಎಂಟು ಬಿದಿರು, ನಾನು.

ನಾನು ವಾಲಿಬಾಲಿನವಳು.
ನಿವೃತ್ತರಾದ ಮಿಸೆಸ್ ಯಬಾನ್
ಬೀರುವಿನ ಕೀಲಿಕೈ ಜೊತೆಗೆ ಕುಣಿತವನ್ನೂ
ನನ್ನ ಕೈಗಿಟ್ಟು ಹೋದರು.
ಎಣಿಸೋಕೆ ಬರುತ್ತಲ್ಲ, ಸಾಕು ಅಂದರು.

ಮೂರರ ತನಕ, ಅಷ್ಟೆ.
ತೆರೆ, ತೆರೆ, ಮುಚ್ಚು.
ಬಿದಿರು ನೆಲಕ್ಕೆ ಎರಡು ಸಲ, ಒಂದಕ್ಕೊಂದು ಒಂದು ಸಲ.
ಒಳಗೆ, ಒಳಗೆ, ಹೊರಗೆ.
ಗದ್ದೆಯ ಹಕ್ಕಿ ಬಲೆ ದಾಟಿದ ಹಾಗೆ, ಅನ್ನುತ್ತೆ ಪುಸ್ತಕ.
ಹಕ್ಕಿಯ ವಿಷಯ ನನಗೆ ಗೊತ್ತಿಲ್ಲ.
ಬಲೆಯ ಮೇಲೆ ಚೆಂಡು ತಡೆಯಲು ಎಗರುವವಳೂ
ಇದೇ ಮೂರನೆಯ ಎಣಿಕೆಗೆ ನೆಲ ಬಿಡುತ್ತಾಳೆ, ಅದು ಗೊತ್ತು.
ತಡವಾದರೆ ಅಲ್ಲಿ ಪಾಯಿಂಟು ಹೋಗುತ್ತದೆ,
ಇಲ್ಲಿ ಕಾಲಹರಡು.

ಮುಂದೆ ಪೊಲೀಸಾಗಲಿರುವ ಹುಡುಗರಿಗೆ
ನಾಚಿಕೆ ಇರುವುದು ಮೊಣಕಾಲಲ್ಲಿ, ಮಡಚುವುದೇ ಇಲ್ಲ.
ಕ್ರಿಸ್ಟೆಲಿನ್ ಹೆದರುವುದು ಬಿದಿರಿಗಲ್ಲ,
ಬಿದಿರಿನ ಆಚೆ ನಿಂತು ನೋಡುವವರಿಗೆ.
ಕಣ್ಣು ಮುಚ್ಚಿಕೊ, ಕೇಳಿಸಿಕೊಂಡು ಕುಣಿ ಅಂದೆ.
ಏಳು ಸಲ ದಾಟಿದಳು.
ಎಂಟನೆಯದಕ್ಕೆ ಸಿಕ್ಕಿಬಿದ್ದು, ಕೂತಲ್ಲೇ ನಕ್ಕಳು.
ಆ ನಗುವಿಗೆ ಅಂಕ ಹಾಕೋಣವೆಂದರೆ ಹಾಳೆಯಲ್ಲಿ ಕಾಲಮಿಲ್ಲ.

ಹಾಳೆ ಕೇಳುವುದು ಬೇರೆ:
ಎತ್ತರ, ತೂಕ, ಸೊಂಟದ ಸುತ್ತಳತೆ,
ಕುಣಿದ ಮೇಲಿನ ನಾಡಿ,
ವಿಶ್ರಾಂತಿಯ ನಾಡಿ.
ಕೊನೆಯದಕ್ಕೆ ಪ್ರತಿ ವರ್ಷ ಸುಳ್ಳು ಬರೆಸುತ್ತೇನೆ.
ಐದು ನಿಮಿಷ ಸುಮ್ಮನೆ ಕೂತಿರಿ ಅಂದರೆ ಕೂರುವವರು ಯಾರು?
ಫೀಸಿನ ಕಂತು, ಸೆಬುವಿನಿಂದ ಅಪ್ಪ ಕಳಿಸಬೇಕಾದ ದುಡ್ಡು,
ತಂಗಿಯ ಜ್ವರ, ಜೇಬಲ್ಲಿ ಗುನುಗುಡುವ ಫೋನು.
ಎಲ್ಲರದೂ ಎಪ್ಪತ್ತೆರಡು.
ಒಬ್ಬ ಬರೆದದ್ದು, ಮಿಕ್ಕವರು ನೋಡಿ ಬರೆದದ್ದು.

ಜೆರ್ಮಿಲ್ ಮಬುಟಿನ್ ರಾತ್ರಿ ಟ್ರೈಸಿಕಲ್ ಓಡಿಸುತ್ತಾನೆ,
ಬಂದರಿನಿಂದ ಬಸ್ ನಿಲ್ದಾಣಕ್ಕೆ, ನಸುಕಿನ ನಾಲ್ಕರ ತನಕ.
ಅಂಗೈಯಲ್ಲಿ ಪೆಟ್ರೋಲಿನ ವಾಸನೆ.
ಬಿದಿರು ಬಡಿಯಲು ಅವನೇ ಬೇಕು ಎಲ್ಲರಿಗೂ.
ತೂಕಡಿಸುತ್ತಾನೆ,
ತಾಳ ತಪ್ಪುವುದಿಲ್ಲ.

ಇವತ್ತು ಕೊನೆಗೆ, ಅಂಗಾತ ಮಲಗಿ, ಉಸಿರು ಬಿಡಿ ಅಂದೆ.
ಹತ್ತೇ ನಿಮಿಷ. ಶಿಳ್ಳೆ ಊದಿದೆ.
ನಲವತ್ತು ಜನ ಎದ್ದರು.

ಕಾಲು ಹಿಡಿದೆಳೆಯಲು ಬಂದ ಗೆಳೆಯರಿಗೆ
ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.
ಕ್ರಿಸ್ಟೆಲಿನ್ ಮಂಡಿಯೂರಿದಳು.
ಮೂರು ವಾರದಿಂದ ತನ್ನದೇ ಕೈಯಲ್ಲಿ ಸಿಗದ ಜಾಗವನ್ನು
ಅವನ ಮಣಿಕಟ್ಟಿನಲ್ಲಿ ಹುಡುಕಿದಳು. ಸಿಕ್ಕಿತು.
ನಾನು ಗಡಿಯಾರ ಹಿಡಿದೆ.
ಸುತ್ತ ಬರಿಗಾಲುಗಳು.
ಯಾರೂ ಹೇಳದಿದ್ದರೂ ಎಲ್ಲರೂ ಎಣಿಸುತ್ತಿದ್ದರು,
ಮೂರರ ಆಚೆಗೂ.
ಟಾರ್ಪಾಲು ಒಮ್ಮೆ ಉಬ್ಬಿ, ಇಳಿಯಿತು.

ಐವತ್ತೆರಡು.

ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು
ಪೆನ್ನಿನಲ್ಲಿ ಬರೆದೆ.

ಎಂಟೂವರೆಗೆ ಅಂಕಣ ಬಾಸ್ಕೆಟ್‌ಬಾಲಿನವರದು.
ಚೆಂಡು ಪುಟಿಸುತ್ತ ಬಂದವರು ಬಾಗಿಲಲ್ಲೇ ನಿಂತರು.
ಅವರ ಕೋಚು ಒಮ್ಮೆ ಅವನನ್ನು ನೋಡಿದ, ಒಮ್ಮೆ ನನ್ನನ್ನು.
ಚೆಂಡುಗಳನ್ನೆಲ್ಲ ಚೀಲಕ್ಕೆ ಹಾಕಿಸಿದ.
ಆಚೆ ಅರ್ಧದಲ್ಲಿ ಅವರು ಶುರು ಮಾಡಿದರು,
ಬೂಟು ಬಿಚ್ಚಿಟ್ಟು, ಬರೀ ಹೆಜ್ಜೆ:
ಪಕ್ಕಕ್ಕೆ, ಪಕ್ಕಕ್ಕೆ, ಹಿಂದಕ್ಕೆ,
ಇಲ್ಲದ ಚೆಂಡಿಗೆ ಕೈ ಚಾಚುತ್ತ, ಸದ್ದಿಲ್ಲದೆ.

ನಾವು ಬಿದಿರು ಎತ್ತಿದೆವು,
ಒಂದಕ್ಕೊಂದು ತಾಗದ ಹಾಗೆ.