ನೇರಳೆ ಮೊಹರು

ಕುತಾಯಿಸಿಯಲ್ಲಿ ನನ್ನ ಕಚೇರಿಯೆಂದರೆ
ಅಡುಗೆಮನೆಯ ಕಿಟಕಿಗೂ ಫ್ರಿಜ್ಜಿಗೂ ನಡುವಣ
ಅರವತ್ತೆರಡು ಸೆಂಟಿಮೀಟರ್.
ಮೂರು ಸಲ ಟೇಪು ಹಿಡಿದೆ,
ಗೋಡೆ ಜರುಗಲಿಲ್ಲ.

ಇಷ್ಟರಲ್ಲೇ ಕೂರಬೇಕು ಅದು:
ಅಚ್ಚು ಹಾಕುವುದು, ನಕಲು ತೆಗೆಯುವುದು, ಸ್ಕ್ಯಾನು ಮಾಡುವುದು,
ಬೇಡವೆಂದರೂ ಫ್ಯಾಕ್ಸು ಕಳಿಸುವುದು,
ಒಂದೇ ಹೊಟ್ಟೆಪಾಡಿಗೆ ನಾಲ್ಕು ಕಸುಬು.
ಹಳೆಯದು ಹೋದ ಗುರುವಾರ ಸತ್ತಿತು,
ಯಾರದೋ ವಿಚ್ಛೇದನದ ಎರಡನೇ ಪುಟವನ್ನು
ಅರ್ಧ ನುಂಗಿಕೊಂಡು.

ಅಂಗಡಿಯ ಬೊಂದೊ ಮಾತಿನ ಮಲ್ಲ.
"ಇದು ಇಂಕಿನದು ಲಮಾರಾ, ಪುಕ್ಕಟೆ ಅಂತಲೇ ತಿಳಿ" ಅಂದ.
ಇಂಕಿನ ಬೆಲೆ ಕೇಳಿದೆ.
ಕೆಮ್ಮಿದ,
ಕುದುರೆ ದಾನ ಕೊಟ್ಟು
ಪಕ್ಕದಲ್ಲೇ ಹುರುಳಿಯಂಗಡಿ ಇಟ್ಟವನ ಕೆಮ್ಮು.

ನನಗೋ ಕೆಲಸ ಬಂದ ವಾರ ಮುನ್ನೂರು ಹಾಳೆ,
ಬಾರದ ತಿಂಗಳು ಒಂದೂ ಇಲ್ಲ.
ಸುಮ್ಮನಿದ್ದರೆ ಮೂತಿ ಒಣಗುತ್ತದಂತೆ ಇದಕ್ಕೆ,
ಬಾಯಿ ಬಿಡಿಸಲು ಇನ್ನಷ್ಟು ಕುಡಿಸಬೇಕಂತೆ.
ನನ್ನ ಭಾವ ಒಬ್ಬ ಹೀಗೇ ಇದ್ದ.

ನಮ್ಮ ಅಕ್ಷರಗಳೂ ಗುಂಡಗೆ,
ದ್ರಾಕ್ಷಿಯ ಕುಡಿ ತಂತಿಗೆ ಸುತ್ತಿಕೊಂಡ ಹಾಗೆ.
ಕೂದಲೆಳೆಯಷ್ಟು ಶಾಯಿ ಹರಡಿದರೂ
ಒಬ್ಬಳ ಹೆಸರು ಇನ್ನೊಬ್ಬಳದಾಗುತ್ತದೆ,
ಗಡಿಯಲ್ಲಿ ಕೂತವನಿಗೆ ಅಷ್ಟೇ ಸಾಕು.

"ಐವತ್ತು ಹಾಳೆ ತಾನೇ ಎಳೆದುಕೊಳ್ಳುತ್ತೆ, ನೀನು ಚಹಾ ಕುಡಿ."
ಚೀಲದಿಂದ ನಜಿಬ್ರೋಲಾಳ ಜನನಪತ್ರ ತೆಗೆದೆ:
ಐವತ್ತೆಂಟು ವರ್ಷದ ಕಾಗದ, ಎರಡು ಭಾಷೆ,
ಮಡಿಕೆಯಲ್ಲಿ ಸೀಳು,
ಸೀಳಿಗೆ ಗಾಯಕ್ಕೆ ಅಂಟಿಸುವ ಪ್ಲಾಸ್ಟರು.
ಬಾರಿಯಲ್ಲಿ ಒಬ್ಬ ಮುದುಕಿಯ ಮೈ ತೊಳೆಯಲು ಹೊರಟಿದ್ದಾಳೆ;
ತಾನು ಹುಟ್ಟಿದ್ದಕ್ಕೆ ಇದೊಂದೇ ಪುರಾವೆ.
"ಇದನ್ನು ಎಳೆಸಿ ತೋರಿಸು" ಅಂದೆ.
ಬೊಂದೊ ಕೈ ಹಿಂದಕ್ಕೆ ತಗೊಂಡ.

ಗಾಜಿನ ಮೇಲೆ ಮಲಗಿಸಿದೆವು,
ತೂಕದ ತಟ್ಟೆಯಲ್ಲಿ ಕೂಸನ್ನು ಮಲಗಿಸುವ ಹಾಗೆ, ಮುಖ ಕೆಳಗೆ.
ಬೆಳಕೊಂದು ತೆವಳಿ ಹೋಯಿತು.
ಅಂಗಡಿಯ ಅತ್ಯುತ್ತಮ ಬಣ್ಣದ ಯಂತ್ರ ಅದು.
ಹೊರಬಂತು:
ಅದೇ ಹಳದಿ, ಅದೇ ಪ್ಲಾಸ್ಟರಿನ ಅಂಚಿಗೆ ಹತ್ತಿದ ಕೊಳೆ,
ನೇರಳೆ ಮೊಹರು ಈಗಷ್ಟೇ ಒತ್ತಿದಂತೆ ಹಸಿ ಹಸಿ.
ಬೊಂದೊ ಎರಡನ್ನೂ ಮೇಜಿನ ಮೇಲೆ ಹರಡಿ
ಕೈ ಕಟ್ಟಿ ನಿಂತ. "ಯಾವುದು ನಿಜ, ಹೇಳು?"

ನಾನು ಪ್ರಮಾಣ ಮಾಡಿದ ಅನುವಾದಕಿ.
ಇಪ್ಪತ್ತೊಂದು ವರ್ಷದಿಂದ ಪ್ರತಿ ಪುಟದ ಕೆಳಗೆ ಬರೆದಿದ್ದೇನೆ,
ಇದು ಮೂಲವಲ್ಲ ಎಂದು.
ಒಂದು ಗಳಿಗೆ, ಒಂದೇ ಗಳಿಗೆ,
ನನಗೆ ಗೊತ್ತಾಗಲಿಲ್ಲ.
ಉಗುರಿನಿಂದ ಮಡಿಕೆ ತಡವಿದೆ.
ನುಣುಪು. ಇನ್ನೊಂದು ತಡವಿದೆ.
ಸೀಳು ಸಿಕ್ಕಿತು, ಉಸಿರೂ.

"ಬರೀ ಕಪ್ಪಿನದು ಕೊಡು" ಅಂದೆ, "ಲೇಸರಿನದು,
ಗಾಜು ಅಗಲ ಇರುವುದು."
ಬೊಂದೊಗೆ ಬೇಸರವಾಯಿತು.
ಆದರೆ ಅದರಲ್ಲಿ ಮೊಹರು
ಬೂದುಬಣ್ಣದ ಒಂದು ಕಲೆ, ಅಷ್ಟೇ.
ನಕಲಾದದ್ದು ನಾನು ನಕಲು ಅನ್ನಬೇಕಲ್ಲ,
ನಾಚಿಕೆಯಿಂದಲಾದರೂ.

ಹದಿನೆಂಟು ಕಿಲೋ. ನಾಲ್ಕನೇ ಮಹಡಿ.
ನಮ್ಮ ಲಿಫ್ಟು ಕಾಸು ಹಾಕದೆ ಕದಲದು;
ಇಪ್ಪತ್ತು ತೆತ್ರಿಯ ನಾಣ್ಯ ನಜಿಬ್ರೋಲಾಳೇ ಹಾಕಿದಳು,
ಆಗಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದಳು,
ಮಡಿಲಲ್ಲಿ ಒಂದು ಚೀಲ ಆಕ್ರೋಡು.

ಅರವತ್ತೆರಡರಲ್ಲಿ ಕೂತಿತು, ಆದರೆ
ಫ್ರಿಜ್ಜಿನ ಬಾಗಿಲು ಇನ್ನು ಅರ್ಧವೇ ತೆರೆಯುವುದು.
ಸ್ವಿಚ್ಚು ಒತ್ತಿದೆವು. ಮೊದಲ ಮಾತೇ
ಭಾಷೆ ಯಾವುದು ಎಂದು.
ಇಪ್ಪತ್ತೇಳು ಭಾಷೆ. ಬಾಣದ ಗುಂಡಿ ಒತ್ತುತ್ತ ಹೋದೆ,
ಕೊನೆಯವರೆಗೆ, ಮತ್ತೆ ಮೊದಲಿನಿಂದ.
ನಮ್ಮದಿರಲಿಲ್ಲ.

"ಅವರದನ್ನೇ ಇಡು" ಅಂದಳು ನಜಿಬ್ರೋಲಾ, "ನನಗೂ ರೂಢಿಯಾಗಲಿ."
ಇಟಾಲಿಯನ್ ಆರಿಸಿದೆ.
ಯಂತ್ರ ಗೊಣಗಿ, ಮೈ ಬಿಸಿ ಮಾಡಿಕೊಂಡು,
ಪರದೆಯ ಮೇಲೆ ಏನೋ ಹೇಳಿತು.
ಏನಂತೆ? ಅಂದಳು.
ಅನುವಾದಿಸಿದೆ, ಕಾಸಿಲ್ಲದೆ:
ಕಾಗದ ಇಲ್ಲವಂತೆ.