ಡಜನ್ನಿಗೆ ಎರಡು ಪೆನ್ಸ್

ವಿಟ್ಬಿ ಬಂದರಿನ ಮೇಲಣ ಓಣಿ, ಸಾವಿರದೆಂಟುನೂರ ಎಪ್ಪತ್ತರ ಚಳಿ.
ಕಾಲಡಿ ತುಳಿಯುವ ಗಾಲಿ, ಕೈಯಲ್ಲಿ ಜೆಟ್ಟಿನ ಚೂರು.
ಕಲ್ಲೆಂದು ಕರೆದರೂ ಕಲ್ಲಲ್ಲ, ಎಂದೋ ಮುಳುಗಿದ ಮರ:
ಹಗುರ, ಮುಟ್ಟಿದರೆ ಬೆಚ್ಚಗೆ,
ಕಾಸಿದರೆ ಇದ್ದಿಲ ನಾತ.
ಥರ್ಜಾ ಕೌಲಿಂಗ್ ಅದನ್ನು ಉರುಟು ಮಾಡುತ್ತಾಳೆ,
ನಡುವೆ ತೂತು ಕೊರೆಯುತ್ತಾಳೆ.
ಲಂಡನ್ನಿನ ವಿಧವೆಯರಿಗೆ ಈ ವರ್ಷವೂ ಕಪ್ಪೇ ಬೇಕಂತೆ.

ಅವಳೂ ವಿಧವೆಯೇ. ಕೊರಳು ಬರಿದು.
ಹೆರಿಂಗ್ ಮೀನಿಗೆ ಹೋದ ದೋಣಿ ಬಾರದ ರಾತ್ರಿಯಿಂದ
ಚಾಪೆಲಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ
ಇವಳೊಬ್ಬಳೇ ತೆರೆದಿಟ್ಟು
ಮುಂದಿನ ಸಾಲಿನ ಬೆನ್ನುಗಳ ಗುಂಡಿ ಎಣಿಸುತ್ತಾಳೆ.
ಬಾಯಿಗೆ ಮಾತು ಬರುವುದಿಲ್ಲ,
ಬರಲಿ ಎಂಬ ಹಟವೂ ಇಲ್ಲ.

ಶನಿವಾರ ಬಂದ ಜೇಬೆಜ್ ಸ್ಟಾರ್,
ಒಂದು ಕಾಲದ ಮೇಷ್ಟ್ರು, ಈಗ ಮಣಿಯ ದಲ್ಲಾಳಿ;
ಪಾಠ ಬಿಟ್ಟರೂ ಪಾಠ ಅವನನ್ನು ಬಿಟ್ಟಿಲ್ಲ.
"ಗೊತ್ತೇನಮ್ಮ, ಬೀಡ್ ಅಂದರೆ ಮೊದಲು ಈ ಗುಂಡಲ್ಲ.
ಪ್ರಾರ್ಥನೆ. ಬೇಡಿಕೆಗೆ ನಮ್ಮ ಹಳಬರಿಟ್ಟ ಹೆಸರು.
ಸನ್ಯಾಸಿಯೊಬ್ಬ ದಾರಕ್ಕೆ ಗುಂಡು ಪೋಣಿಸಿ
ಬೀಡ್ ಎಣಿಸುತ್ತಿದ್ದೇನೆ ಅಂದಿರಬೇಕು.
ಪಕ್ಕದ ಹುಡುಗನ ಕಿವಿಗೆ ಬಿದ್ದದ್ದು ಮಾತು,
ಕಣ್ಣಿಗೆ ಬಿದ್ದದ್ದು ಬೆರಳು.
ಹೀಗೆ ತುಟಿಯ ಮೇಲಿದ್ದ ಹೆಸರು
ಜಾರಿ ಕೈಗೆ ಬಂತು."

(ಬೀಡ್, ಬೇಡು: ಕೇಳಲು ಅಕ್ಕತಂಗಿಯರ ಹಾಗೆ.
ನೆಂಟಸ್ತಿಕೆ ಇಲ್ಲ. ಸಂತೆಯಲ್ಲಿ ಯಾರೋ ಅಪರಿಚಿತಳು
ನಮ್ಮತ್ತೆಯ ಹಾಗೆ ಸೆರಗು ಸರಿಮಾಡಿಕೊಂಡಂತೆ,
ಅಷ್ಟೇ. ಆದರೂ ತಿರುಗಿ ನೋಡಿದೆ.)

ಮೇಷ್ಟ್ರು ನಿಲ್ಲಲಿಲ್ಲ: ಸಿರಿವಂತರ ಆತ್ಮಕ್ಕಾಗಿ
ಕೂಲಿಗೆ ಪ್ರಾರ್ಥಿಸುವ ಬಡವರಿದ್ದರಂತೆ,
ಅವರ ಪಾಲಿಗೂ ಈ ಪದವೇ.
ಆಮೇಲೆ ಹಣೆಯ ಬೆವರ ಹನಿ,
ಗ್ಲಾಸಿನಂಚಿನ ನೊರೆಗುಳ್ಳೆ,
ಕಡೆಗೆ ಬಂದೂಕಿನ ತುದಿಯ ಪುಟ್ಟ ಗುಬುಟು,
ಜಿಂಕೆಯ ಎದೆಗೆ ಸರಿಯಾಗಿ ಹಿಡಿಯುವುದು.
"ಎಲ್ಲವೂ ಪ್ರಾರ್ಥನೆಯ ಮಕ್ಕಳೇ, ನೋಡು."

ಥರ್ಜಾ ಗಾಲಿ ನಿಲ್ಲಿಸಿದಳು. ನಕ್ಕಳು,
ಮೂರು ವರ್ಷದಲ್ಲಿ ಮೊದಲ ಸಲ; ಚೆನ್ನಾಗಿರಲಿಲ್ಲ ಆ ನಗು.
"ಹಾಗಾದರೆ ವಾರಕ್ಕೆ ಆರುನೂರು ಪ್ರಾರ್ಥನೆ ಮಾಡಿದ್ದೇನೆ,
ನನಗೇ ಗೊತ್ತಿಲ್ಲದೆ.
ಎಲ್ಲದಕ್ಕೂ ತೂತು ನಾನೇ ಕೊರೆದದ್ದು.
ಐವತ್ತು ಡಜನ್. ಎಂಟು ಶಿಲ್ಲಿಂಗ್ ನಾಲ್ಕು ಪೆನ್ಸ್.
ಎಣಿಸಿ ಕೊಡಿ."

ಎಂಟು ಕೊಟ್ಟ. ಎರಡು ಡಜನ್ ಒಡಕು ಅಂದ.
ಒಡಕನ್ನು ಮೇಜಿನ ಮೇಲೆ ಬಿಟ್ಟು
ಮೆಟ್ಟಿಲಿಳಿದು ಹೋದ; ಕೆಮ್ಮು ಬಹಳ ಹೊತ್ತು ಕೇಳಿಸಿತು.

ಒಡಕು ಮಣಿಗಳನ್ನು ಡಬ್ಬಿಗೆ ಸುರಿದಳು.
ಇಪ್ಪತ್ತಮೂರು. ಮತ್ತೆ ಎಣಿಸಿದಳು. ಇಪ್ಪತ್ತಮೂರೇ.
ಒಂದು ಗಾಲಿಯಡಿ ಉರುಳಿರಬೇಕು.
ದೀಪ ತಗ್ಗಿಸಿ ಹಿಡಿದು
ಮಣಿಗಾಗಿ ಮಣಿದಳು.
ನೆಲವೆಲ್ಲ ಕರಿಪುಡಿ, ಕರಿಯೊಳಗೆ ಕರಿ.
ಸಿಕ್ಕಿಲ್ಲ ಇನ್ನೂ.
ಮೊಣಕಾಲೂರಿ, ಅಂಗೈಯಿಂದ ನೆಲ ತಡವುತ್ತ,
ಏನೋ ಗೊಣಗುತ್ತಿದ್ದಾಳೆ,
ಬೈಗುಳವೇ ಇರಬೇಕು.