ತಾಳೆ

ಬೈತಖೋಲದ ಐಸ್ ಫ್ಯಾಕ್ಟರಿಯ ಮೇಲಿನ ಕೋಣೆ.
ಕೆಳಗೆ ಐಸ್ ಗಡ್ಡೆ ಪುಡಿಯಾಗುವ ಸದ್ದು,
ಮೇಲೆ ನನ್ನ ಯಂತ್ರದ ಫ್ಯಾನು.
ರಾತ್ರಿ ಹತ್ತಕ್ಕೆ ಕಂಪೈಲಿಗೆ ಹಚ್ಚಿದರೆ
ಮುಗಿಯುವಾಗ ಬೆಳಗಿನ ಜಾವ ನಾಲ್ಕು,
ನಡುವೆ ಕರೆಂಟು ಹೋಗದಿದ್ದರೆ.

ಬೋಟಿನವರಿಗೆ ಇದೆಲ್ಲ ಬೇಕಿಲ್ಲ.
ಪುರ್ಸು ತಾಂಡೇಲನ ಚುಕ್ಕಾಣಿಯ ಪಕ್ಕ
ಅಂಗೈಯಷ್ಟು ಬೋರ್ಡು, ಅದಕ್ಕೊಂದು ಗೀರುಬಿದ್ದ ಪರದೆ:
ಮೀನಿನ ಲೆಕ್ಕ, ಭರತಿ, ಇಳಿತ,
ಬಲೆ ಹರಿಯುವ ಕಲ್ಲುಗಳ ಗುರುತು.
ಸೋರ್ಸ್ ಕೊಟ್ಟು ‘ನೀನೇ ಕಟ್ಟಿಕೋ’ ಅಂದರೆ
ದೇವಗಡದ ದೀಪ ದಾಟುವ ಮೊದಲೇ ಅದು ಬೆವರಿ ಸತ್ತೀತು.
ಡೀಸೆಲ್ಲು, ಐಸು, ಕುಡಿಯುವ ನೀರು, ಪ್ಯಾಕೇಜು,
ಧಕ್ಕೆಯಲ್ಲಿ ನಿಂತ ಹೊತ್ತಿನಲ್ಲೇ ಎಲ್ಲ ಏರಬೇಕು.
“ಐಸನ್ನ ಸಮುದ್ರದಲ್ಲಿ ಮಾಡ್ತಾರೇನ್ರಿ ಬಾಯಿ?” ಅಂತಾನೆ ಪುರ್ಸು.

ಸರಿಯೇ.
ಆದರೆ ಐಸು ಕರಗಿದರೆ ಒಳಗೇನಿತ್ತೆಂದು ಕಾಣುತ್ತದೆ,
ಹೊಟ್ಟು, ಕೂದಲು, ಸತ್ತ ನೊಣ.
ಇದು ಕರಗುವುದಿಲ್ಲ.
ಒಂದು, ಸೊನ್ನೆ, ಒಂದು. ನಾನೇನು ಬೆರೆಸಿದೆನೆಂದು
ಯಾರು ನೋಡಬಲ್ಲರು?
ನನ್ನ ಸಹಿ ಇದೆ. ಸಹಿ ಹೇಳುವುದು ಇಷ್ಟೇ:
ಇದು ಇವಳ ಕೈಯಿಂದ ಬಂದದ್ದು.
ಆ ಕೈ ತೊಳೆದಿತ್ತೇ, ಹೇಳುವುದಿಲ್ಲ.

ಅದಕ್ಕೇ ಭಟ್ಕಳದ ರುಮಾನಾ.
ನಾನು ಕಟ್ಟಿದ್ದನ್ನು ನೋಡದೆ ಅದೇ ಸೋರ್ಸಿನಿಂದ
ಅವಳೂ ಕಟ್ಟುತ್ತಾಳೆ, ಹಳೇ ಓಣಿಯ ಅಟ್ಟದಲ್ಲಿ.
ಆಮೇಲೆ ಫೋನಿನಲ್ಲಿ ಹ್ಯಾಶ್ ಓದುತ್ತೇವೆ,
ಅರವತ್ನಾಲ್ಕು ಅಕ್ಷರ,
ಮಗ್ಗಿ ಒಪ್ಪಿಸುವ ಹುಡುಗಿಯರ ಹಾಗೆ:
ಒಂಬತ್ತು, ಎಫ್, ಮೂರು, ಮೂರು, ಎ...

ಮೊದಲ ಸಲ ಮೊದಲ ಅಕ್ಷರವೇ ತಪ್ಪಿತು.
ಎರಡು ವಾರ ಹುಡುಕಿದೆವು.
ಒಳಗೊಳಗೇ ಅವಳು ನನ್ನನ್ನು, ನಾನು ಅವಳನ್ನು
ಸಂಶಯಿಸಿದೆವು, ಸುಳ್ಳೇಕೆ ಹೇಳಲಿ.
ಕಡೆಗೆ ಸಿಕ್ಕಿತು:
ಕಟ್ಟಿದ ತಾರೀಖು, ಗಳಿಗೆ,
ಫೋಲ್ಡರಿಗೆ ನಾನಿಟ್ಟ ಆಯಿಯ ಹೆಸರು,
ಯಾರೂ ಕರೆಯದೆ ಒಳಗೆ ಹೋಗಿ ಕೂತಿದ್ದವು.

ತೆಗೆದೆವು.
ಕರೆಂಟು ಕೈಕೊಟ್ಟ ರಾತ್ರಿ, ಕೆಳಗಿನ ಅಮೋನಿಯಾ ವಾಸನೆ,
ಅವಳ ಓಣಿಯ ಬೆಳಗಿನ ಬಾಂಗು,
ಯಾವುದೂ ಒಳಗಿಲ್ಲ ಈಗ. ಆಯಿಯೂ.
ಮೊನ್ನೆ ಅರವತ್ನಾಲ್ಕೂ ಓದಿ ಮುಗಿಸಿ
ಇಬ್ಬರೂ ಸುಮ್ಮನಿದ್ದೆವು ತುಸು ಹೊತ್ತು.
ನಾನೋ ಅವಳೋ, ಯಾರು ಕಟ್ಟಿದ್ದೆಂದು
ಇನ್ನು ನಮಗೂ ಗೊತ್ತಾಗದು.

ಕೆಳಗೆ ಪುರ್ಸು ಹಾರ್ನ್ ಹೊಡೆಯುತ್ತಿದ್ದ.
ಇಳಿದು ಹೋಗಿ ಒಂದು ಸಾಲು ಟೈಪಿಸಿದೆ.
ಬೋರ್ಡು ಸಹಿ ನೋಡಿತು, ಒಪ್ಪಿತು. ನಾಲ್ಕು ಸೆಕೆಂಡು.
“ಮುಗೀತಾ? ಇಷ್ಟಕ್ಕೆ ರಾತ್ರಿಯಿಡೀ ದೀಪ ಯಾಕೆ?” ಅಂದ,
ಹಗ್ಗ ಬಿಚ್ಚಿದ.